ಎಡಗಡೆಯ ಮೂರನೆಯ ಹುರಿ

ಇನ್‌ಸ್ಪೆಕ್ಟರ್ ಡನ್‌ವೆಲ್ ತನ್ನ ಕಂದು ಮಳೆಕೋಟು ಬಿಟ್ಟು ಬೇರೆ ಏನನ್ನಾದರೂ ತೊಟ್ಟದ್ದನ್ನು ಹನ್ನೊಂದು ವರ್ಷಗಳಲ್ಲಿ ನಾವು ಯಾರೂ ಕಂಡಿರಲಿಲ್ಲ. ಕೊಲೆಯಾದ ಮನೆಯಲ್ಲಿ ಕೋಟು, ಮದುವೆ ಮನೆಯಲ್ಲಿ ಕೋಟು, ಒಮ್ಮೆ ಆಸ್ಪತ್ರೆಯ ಹಾಸಿಗೆಯಲ್ಲೂ ಕೋಟು. ಹಾಗಿರುವಾಗ ಹೊಸ ವರ್ಷದ ದಿನ ಟಿವಿಯಲ್ಲಿ ಬರಲಿದ್ದ ಆ ಧಾರಾವಾಹಿಯ ವಿಶೇಷ ಸಂಚಿಕೆಯ ನಲವತ್ತು ಸೆಕೆಂಡಿನ ತುಣುಕಿನಲ್ಲಿ ಆತ ಮೀನುಗಾರರ ಕಡುನೀಲಿ ಸ್ವೆಟರ್ ತೊಟ್ಟು ಮಂಜಿನೊಳಗಿಂದ ನಡೆದು ಬಂದದ್ದೇ ತಡ, ನಮ್ಮ ಸೋಮವಾರದ ಹೆಣಿಗೆ ಕೂಟದಲ್ಲಿ ಕೋಲಾಹಲ ಎದ್ದಿತು.

ಕೂಟ ಎಂದರೆ ದೊಡ್ಡದೇನಲ್ಲ. ಗನ್ನರ್‌ವಿಕ್ ಬಂದರಿನ ರಕ್ಷಣಾ ದೋಣಿಯ ಶೆಡ್ಡಿನ ಮೇಲೊಂದು ಕೋಣೆ, ಟೀ ಕಾಯಿಸುವ ಪಾತ್ರೆ, ನಾಲ್ಕು ಕುರ್ಚಿ. ನಾನು ಬ್ರೆಂಡಾ, ಇಪ್ಪತ್ತೆಂಟು ವರ್ಷ ಇದೇ ಬಂದರಿನಲ್ಲಿ ಮೀನು ಕರಿದು ಕಾಗದದಲ್ಲಿ ಸುತ್ತಿ ಕೊಟ್ಟವಳು. ನನ್ನ ಪಕ್ಕದ ಕುರ್ಚಿ ಹೇಝಲ್‌ಳದು. ಅವಳು ನನ್ನ ಅತ್ತಿಗೆ, ನನ್ನ ಅಣ್ಣ ಎರಿಕ್‌ನ ಹೆಂಡತಿ. ಎದುರಿಗೆ ಬಸ್ ಓಡಿಸಿ ನಿವೃತ್ತನಾದ ಕೆನ್ನತ್. ಆರು ವರ್ಷದಿಂದ ಒಂದೇ ಮಫ್ಲರ್ ಹೆಣೆಯುತ್ತಿದ್ದಾನೆ, ಏಕೆಂದರೆ ಅವನು ಬರುವುದು ಹೆಣೆಯುವುದಕ್ಕಲ್ಲ, ಮಾತಾಡುವುದಕ್ಕೆ. ನಾಲ್ಕನೆಯವಳು ಕರ್ಸ್ಟಿ, ಊರಿನ ಹೆಂಗಸರಿಗೆಲ್ಲ ಕೂದಲು ಕತ್ತರಿಸುವವಳು. ಡನ್‌ವೆಲ್ ಅಭಿಮಾನಿಗಳ ಇಂಟರ್ನೆಟ್ ಬಳಗದಲ್ಲಿ ಜಗತ್ತಿನ ಮೂಲೆಮೂಲೆಯವರು ಆಡುವ ಜಗಳವನ್ನೆಲ್ಲ ತಂದು ನಮಗೆ ಬಡಿಸುವುದು ಅವಳ ಕೆಲಸ.

ಆ ಸೋಮವಾರ ಕಿಟಕಿಯ ಆಚೆ ಕಡಲ ಮಂಜು ಗೋಡೆಯಂತೆ ನಿಂತಿತ್ತು. ದೋಣಿ ಇಳಿಸುವ ಇಳಿಜಾರೂ ಕಾಣುತ್ತಿರಲಿಲ್ಲ. ಕರ್ಸ್ಟಿ ತನ್ನ ಲ್ಯಾಪ್‌ಟಾಪನ್ನು ಟೀ ಮೇಜಿನ ಮೇಲಿಟ್ಟು ಆ ತುಣುಕನ್ನು ಮತ್ತೆ ಮತ್ತೆ ಓಡಿಸುತ್ತಿದ್ದಳು. ಅದರೊಳಗೂ ಮಂಜು, ಹೊರಗೂ ಮಂಜು. ಡನ್‌ವೆಲ್ ನಮ್ಮ ಕಿಟಕಿಯಿಂದಲೇ ನಡೆದು ಬಂದ ಹಾಗೆ ಒಂದು ಕ್ಷಣ ನನಗೆ ಅನ್ನಿಸಿತು.

"ಅವ್ನು ಸತ್ತಿದಾನೆ," ಎಂದ ಕೆನ್ನತ್, ಬಾಯಿತುಂಬ ಶುಂಠಿ ಕೇಕು ತುಂಬಿಕೊಂಡು. "ಈ ಸಂಚಿಕೆ ಪೂರ್ತಿ ಕನಸು. ಸತ್ತೋನಿಗೆ ಬೀಳೋ ಕನಸು."

"ಸತ್ತೋರಿಗೆ ಕನಸು ಬೀಳತ್ತೇನೋ?" ಎಂದೆ.

"ಬೀಳಲ್ಲ ಅಂತ ನಿಂಗ್ಯಾರು ಹೇಳಿದ್ರು? ಸತ್ತು ನೋಡಿದ್ಯಾ?"

"ಜಗಳ ಆಮೇಲೆ," ಎಂದಳು ಕರ್ಸ್ಟಿ. "ಕೆನಡಾದೋನೊಬ್ಬ ಮೂವತ್ತು ಸಾಲು ಬರೆದಿದಾನೆ, ಕೇಳಿ. ಗುಟ್ಟೆಲ್ಲ ಸ್ವೆಟರ್‌ನಲ್ಲೇ ಇದೆಯಂತೆ. ಎದೆ ಮೇಲೆ ಹಗ್ಗದ ಥರ ಹೆಣೆದ ಆರು ಹುರಿ ಇದಾವಲ್ಲ, ಎಲ್ಲ ಎಡಕ್ಕೆ ಸುತ್ತಿವೆ. ಎಡಗಡೆ ಮೂರನೇದು ಮಾತ್ರ ಒಂದ್ ಕಡೆ ಬಲಕ್ಕೆ ತಿರುಗಿದೆ. ಕೊಲೆಗಾರ ಎಡಚ ಅಂತ ಸೂಚನೆಯಂತೆ."

"ಕೊಲೆಗಾರ ಎಡಚ ಅಲ್ಲ, ಹೆಣೆದೋಳು ಮೈಮರೆತೋಳು," ಎಂದು ನಾನು ನಕ್ಕೆ.

ಹೇಝಲ್‌ಳ ಕಡ್ಡಿಗಳ ಸದ್ದು ನಿಂತದ್ದು ಆಗ ನನ್ನ ಗಮನಕ್ಕೆ ಬಂತು. ಅವಳು ಎದ್ದು ಬಂದು ಕನ್ನಡಕ ಏರಿಸಿಕೊಂಡಳು. "ಅಲ್ಲೇ ನಿಲ್ಲಿಸು ಪುಟ್ಟೀ," ಎಂದಳು. ಕರ್ಸ್ಟಿ ಚಿತ್ರ ನಿಲ್ಲಿಸಿದಳು. ಹೇಝಲ್ ಆ ಮೂರನೆಯ ಹುರಿಯನ್ನು ನೋಡಿದಳು. ಆಮೇಲೆ ಡನ್‌ವೆಲ್‌ನ ಎಡಗೈಯ ಮೇಲೆ ಬೆರಳಿಟ್ಟು ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆಲ್ಲಗೆ ಎಳೆದಳು. ಅಷ್ಟು ಹೊತ್ತು ಏನು ನೋಡಿದಳೋ.

"ಅದು ನನ್ ತಪ್ಪು," ಎಂದಳು. "ಆ ಹುರಿ ನಾನು ಹೆಣೆದಿದ್ದು. ಅದು ಎರಿಕ್‌ದು."

ಕೆನ್ನತ್ ಕೇಕು ಅಗಿಯುವುದನ್ನು ನಿಲ್ಲಿಸಿದ. ಅವಳ ಬಾಯಿಂದಲೇ ಆ ಹೆಸರು ಕೇಳಿ ನಾವು ಬೆಚ್ಚಿಬಿದ್ದೆವು, ಏಕೆಂದರೆ ಮೂವತ್ತೆರಡು ವರ್ಷದಿಂದ ಗನ್ನರ್‌ವಿಕ್ಕಿನಲ್ಲಿ ಯಾರೂ ಅದನ್ನು ಹೇಝಲ್‌ಳ ಮುಂದೆ ಎತ್ತುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳುತ್ತಿದ್ದೆವು. ಅವಳು ಅಂಗಡಿಯ ಒಳಗೆ ಕಾಲಿಟ್ಟರೆ ಮಾತು ಹವಾಮಾನದ ಕಡೆಗೆ ಹೊರಳುತ್ತಿತ್ತು. ಮರ್ಯಾದಸ್ಥರ ಊರು ನಮ್ಮದು.

ಆ ಹುರಿಯ ಕತೆ ನನಗೂ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳು ಆ ಸ್ವೆಟರ್ ಹೆಣೆಯುತ್ತಿದ್ದಾಗ ಅಣ್ಣ ಅಡುಗೆಮನೆಯಲ್ಲಿ ಸುತ್ತ ಕುಣಿದು ಎಣಿಕೆ ತಪ್ಪಿಸಿದ್ದ. ಬಿಚ್ಚಲು ಹೊರಟವಳ ಕೈ ಹಿಡಿದು, "ಬಿಚ್ಚಬೇಡ್ವೇ. ಊರೋರೆಲ್ಲ ಒಂದೇ ಥರದ್ದು ತೊಡ್ತಾರೆ, ನಂದು ಯಾವ್ದು ಅಂತ ಗೊತ್ತಾಗ್ಬೇಡ್ವಾ?" ಎಂದಿದ್ದ. ಅದನ್ನೇ ತೊಟ್ಟು ಒಂದು ಫೆಬ್ರುವರಿಯ ಬೆಳಿಗ್ಗೆ 'ಕೇಟಿ ಆನ್' ದೋಣಿಯಲ್ಲಿ ಹೋದ. ಮೂವರು ಹೋದರು. ಇಬ್ಬರ ಹೆಣವನ್ನು ಕಡಲು ಹಿಂದಕ್ಕೆ ಕೊಟ್ಟಿತು. ಎರಿಕ್‌ನನ್ನು ಕೊಡಲಿಲ್ಲ.

"ಹಂಗಾದ್ರೆ..." ಎಂದ ಕೆನ್ನತ್. ಯಾರೂ ಬಾಯಿಬಿಟ್ಟು ಹೇಳಬಾರದ್ದನ್ನು ಹೇಳುವ ವಿದ್ಯೆ ಅವನಿಗೆ ಒಲಿದಿದೆ. "ಸ್ವೆಟರ್ ಕಡಲಲ್ಲಿಲ್ಲ, ನೆಲದ ಮೇಲಿದೆ ಅಂದ್ರೆ, ಅವ್ನು ಎಲ್ಲೋ ದಡ ಸೇರಿ ಅದನ್ನ ಬಿಚ್ಚಿಟ್ಟಿದಾನೆ ಅಂತಲ್ವಾ?"

ದಡ ಸೇರಿದವನು ಮನೆಗೇಕೆ ಬರಲಿಲ್ಲ? ಮುಳುಗಿದ್ದರೆ ಅವನು ಹೇಝಲ್‌ಳ ಗಂಡ, ನನ್ನ ಅಣ್ಣ. ಬದುಕಿದ್ದರೆ ನಮ್ಮಿಬ್ಬರನ್ನೂ ಬಿಟ್ಟು ಓಡಿಹೋದವನು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು ಎಂದು ಆ ಕುರ್ಚಿಯಲ್ಲಿ ಕೂತ ನನಗೆ ತಿಳಿಯಲೇ ಇಲ್ಲ.

"ಧಾರಾವಾಹಿಯೋರಿಗೆ ನಾನು ಬರೀತೀನಿ," ಎಂದೆ. "ಸ್ವೆಟರ್ ಎಲ್ಲಿ ಸಿಕ್ತು ಅಂತ ಕೇಳ್ತೀನಿ." ಹೇಝಲ್ ಬೇಡ ಎನ್ನಲಿಲ್ಲ.

ಆಮೇಲಿನ ಐದು ವಾರ ನಾವು ನಾಲ್ವರೂ ಯಾವುದೋ ಒಂದೇ ಕನಸಿನೊಳಗೆ ಓಡಾಡಿದೆವು. ಇಂಟರ್ನೆಟ್ ಬಳಗದವರು ಡನ್‌ವೆಲ್ ಬದುಕಿದ್ದಾನೋ ಸತ್ತಿದ್ದಾನೋ ಎಂದು ಕಚ್ಚಾಡುತ್ತಿದ್ದರೆ ನಾವು ಎರಿಕ್‌ನನ್ನು ಊರೂರು ತಿರುಗಿಸಿದೆವು. ಕೆನ್ನತ್ ಗೋಡೆಗೆ ಅಂಟಿಸುವ ಕಾಗದದ ಸುರುಳಿ ತಂದು ಅದರ ಬೆನ್ನಿನ ಮೇಲೆ ಉತ್ತರ ಸಮುದ್ರದ ನಕ್ಷೆ ಬರೆದ. ಎರಿಕ್‌ನನ್ನು ನಾರ್ವೆಯ ದೋಣಿಯೊಂದು ಎತ್ತಿಕೊಂಡಿತು ಎಂದು ಅವನ ವಾದ.

"ತಲೆಗೆ ಪೆಟ್ಟು ಬಿದ್ದು ಎಲ್ಲ ಮರೆತುಹೋಗಿರತ್ತೆ," ಎಂದಳು ಕರ್ಸ್ಟಿ. "ಎರಿಕ್ ಅಲ್ಲಿ ಯಾವ್ದೋ ಹಳ್ಳೀಲಿ ಬೇರೆ ಹೆಸರಿಟ್ಕೊಂಡು ಸೇಬು ಬೆಳೀತಿರ್ತಾರೆ."

"ಎರಿಕ್ ಸೇಬು ಬೆಳೀತಾನಾ!" ಹೇಝಲ್ ಕಿಸಕ್ಕನೆ ನಕ್ಕಳು. "ಕುಂಡದಲ್ಲಿದ್ದ ಪುದೀನ ಒಣಗಿಸಿದ ಮಹಾರಾಯ ಅವ್ನು."

"ಅಲ್ಲಿ ಇನ್ನೊಬ್ಬಳು ಹೆಂಡ್ತಿ ಇದ್ರೆ?" ಕೆನ್ನತ್ ಕೇಳಿಯೇಬಿಟ್ಟ. ನಾನು ಮೇಜಿನಡಿ ಅವನ ಕಾಲು ತುಳಿದೆ.

"ಇದ್ರೆ ಇರ್ಲಿ. ಅವನ ಗೊರಕೆ ಕೇಳ್ಕೊಂಡು ಮೂವತ್ತೆರಡು ವರ್ಷ ಕಳೆದಿದಾಳಲ್ಲ, ಆ ಪುಣ್ಯಾತ್ಗಿತ್ತಿಗೆ ಒಂದು ಶಾಲು ಹೆಣೆದು ಕಳಿಸ್ತೀನಿ."

ನಾವು ನಕ್ಕೆವು. ಹೇಝಲ್‌ಳ ಕೆನ್ನೆಗೆ ಬಣ್ಣ ಬಂದಿತ್ತು. ಡಿಸೆಂಬರ್ ನಡುವಿನಲ್ಲಿ ಕರ್ಸ್ಟಿಯ ಅಂಗಡಿಗೆ ಹೋಗಿ ಕೂದಲು ಸುರುಳಿ ಮಾಡಿಸಿಕೊಂಡು ಬಂದಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ನನಗೂ ಹೆಚ್ಚುಕಡಿಮೆ ಅದೇ ಗತಿಯಾಗಿತ್ತು. ಮಂಜು ಕವಿದ ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ಯಾವ ಗಂಡಸು ಎದುರು ಬಂದರೂ, ಹತ್ತಿರವಾಗಿ ಅವನ ಮುಖ ತಿಳಿಯಾಗುವವರೆಗೆ ಅವನು ನನ್ನ ಅಣ್ಣನೇ. ಅಷ್ಟು ಹೊತ್ತು ನಾನು ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದೆ.

ಉತ್ತರ ಡಿಸೆಂಬರ್ ಮೂವತ್ತಕ್ಕೆ ಬಂತು. ಧಾರಾವಾಹಿಯ ಉಡುಪು ವಿಭಾಗದಲ್ಲಿ ಹೆಣೆಯುವ ಮಾರ್ಗೋ ಎಂಬ ಹೆಂಗಸು ಬರೆದಿದ್ದಳು. ಸ್ವೆಟರ್ ಎಲ್ಲೂ ಸಿಕ್ಕಿದ್ದಲ್ಲ, ಅವಳೇ ಹೊಸದಾಗಿ ಹೆಣೆದದ್ದು. ಗನ್ನರ್‌ವಿಕ್ಕಿನ ವಸ್ತುಸಂಗ್ರಹಾಲಯದಲ್ಲಿ ದೋಣಿಗೆ ಒರಗಿ ನಿಂತ ಒಬ್ಬ ಯುವಕನ ಹಳೆಯ ಕಪ್ಪುಬಿಳುಪು ಚಿತ್ರವಿದೆಯಂತೆ. ಅದರ ಮೇಲೆ ಭೂತಗನ್ನಡಿ ಹಿಡಿದು ಒಂದೊಂದೇ ಕುಣಿಕೆ ಎಣಿಸಿ ಹೆಣೆದಳಂತೆ. "ಎಡಗಡೆಯ ಮೂರನೆಯ ಹುರಿ ಹಾಗೆ ತಿರುಗುವುದು ನಿಮ್ಮ ಊರಿನ ಪದ್ಧತಿಯೆಂದು ಭಾವಿಸಿ ಹಾಗೆಯೇ ಉಳಿಸಿದೆ. ಅದು ಸರಿಬರಲು ಮೂರು ಸಲ ಬಿಚ್ಚಬೇಕಾಯಿತು. ಅದರ ಅರ್ಥವೇನು, ದಯವಿಟ್ಟು ತಿಳಿಸುವಿರಾ?"

ಅಣ್ಣನ ಆ ಚಿತ್ರ ಅಲ್ಲಿರುವುದು ನಮಗೆ ಹೇಗೆ ಗೊತ್ತಿರಬೇಕು? ನಮ್ಮೂರಿನ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಪ್ರವಾಸಿಗರು. ನಾನು ಪತ್ರವನ್ನು ಮೂರು ಸಲ ಓದಿ ಅತ್ತೆ. ನನ್ನ ಅಣ್ಣ ಎರಡನೆಯ ಸಲ ಮುಳುಗಿದ್ದ, ಈ ಸಲ ನನ್ನ ಅಡುಗೆಮನೆಯ ಮೇಜಿನ ಮೇಲೆ. ಇದನ್ನು ಹೇಝಲ್‌ಳಿಗೆ ನಾನೇ ಹೇಳಬೇಕಿತ್ತು.

ಹೊಸ ವರ್ಷದ ಸಂಜೆ ಎಂಟಕ್ಕೆ ನಾಲ್ವರೂ ನಮ್ಮ ಕೋಣೆಯಲ್ಲಿ ಸೇರಿದೆವು. ಪತ್ರ ನನ್ನ ಚೀಲದಲ್ಲಿತ್ತು. ವಿಶೇಷ ಸಂಚಿಕೆ ಒಂದೂವರೆ ಗಂಟೆ ಓಡಿತು. ಡನ್‌ವೆಲ್ ಸತ್ತಿರಲಿಲ್ಲ, ಕನಸೂ ಕಾಣುತ್ತಿರಲಿಲ್ಲ. ಅದು ಅವನ ತಂದೆಯ ಸ್ವೆಟರಂತೆ, ಚಳಿಯಾಯಿತೆಂದು ತೊಟ್ಟನಂತೆ. ಕೊಲೆಗಾರ ಬಲಗೈಯಿಂದಲೇ ಚಾಕು ಎತ್ತಿದ. ಮೂರನೆಯ ಹುರಿಯ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ.

"ಕೆನಡಾದೋನು ಈಗ ಗೋಡೆಗೆ ತಲೆ ಚಚ್ಕೋತಿರ್ತಾನೆ," ಎಂದಳು ಕರ್ಸ್ಟಿ. ಹೇಝಲ್ ಮಾತ್ರ ಪರದೆಯ ಮೇಲೆ ನೀಲಿ ಸ್ವೆಟರ್ ಬಂದಾಗಲೆಲ್ಲ ಮುಂದಕ್ಕೆ ಬಾಗಿ ಮುಗುಳ್ನಗುತ್ತಿದ್ದಳು. ಆ ಮುಖ ನೋಡಿ ನನಗೆ ಚೀಲ ತೆರೆಯಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ಅವಳನ್ನು ಹಿಡಿದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೀರಿನ ಸದ್ದಿತ್ತು, ನೀರಿರಲಿಲ್ಲ. ನಾನು ಪತ್ರ ಓದಿ ಹೇಳಿದೆ, ಅವಳ ಕಡೆ ನೋಡದೆ, ಒಂದೇ ಉಸಿರಿನಲ್ಲಿ.

"ಮೂರು ಸಲ ಬಿಚ್ಚಿದ್ಲಂತಾ?" ಹೇಝಲ್ ಕೇಳಿದಳು. "ಪಾಪ! ನಾನು ಒಂದೇ ಸಲಕ್ಕೆ ತಪ್ಪು ಮಾಡಿದ್ದೆ."

"ಹೇಝಲ್, ನಾನು ಹೇಳಿದ್ದು ತಿಳೀತಾ? ಅದು ಎರಿಕ್‌ದು ಅಲ್ಲ."

"ಗೊತ್ತು ಕಣೇ."

"ಏನು ಗೊತ್ತು?"

"ಎರಿಕ್ ಹೋಗೋಕ್ಕೆ ಎರಡು ವರ್ಷ ಮುಂಚೆ ಸ್ವೆಟರ್‌ನ ಎಡಗೈ ಕೊಕ್ಕೆಗೆ ಸಿಕ್ಕಿ ಹರಿದುಹೋಗಿತ್ತು. ನೀನಾಗ ಲೀಡ್ಸ್‌ನಲ್ಲಿದ್ದೆ. ಮೊಣಕೈಯಿಂದ ಕೆಳಗೆ ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ. ಅದೇ ನೀಲಿ ಉಣ್ಣೆ ಎಲ್ಲೂ ಸಿಗ್ಲಿಲ್ಲ, ತಿಳಿನೀಲಿ ಹಾಕಿದೆ. ಬೇರೆಯವ್ರ ಕೈ ತೊಟ್ಕೊಂಡು ಬಂದಿದೀಯ ಅಂತ ದೋಣಿಯೋರೆಲ್ಲ ಅವನ್ನ ಆಡ್ಕೊಳ್ತಿದ್ರು." ಅವಳು ತನ್ನ ಎಡ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳು ಎಳೆದಳು. "ಡನ್‌ವೆಲ್‌ದು ಎರಡೂ ಕೈ ಒಂದೇ ಬಣ್ಣ. ಮೊದಲನೇ ದಿನವೇ ನೋಡ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ಮೊದಲನೇ ದಿನವೇ! ಮತ್ತೆ ನನ್ ಕೈಲಿ ಯಾಕೆ ಬರೆಸ್ದೆ? ಐದು ವಾರ ನಮ್ಮಣ್ಣನ್ನ ಬದುಕಿಸಿಟ್ಟೆಯಲ್ಲೇ! ಕಟ್ಟೆ ಮೇಲೆ ಕಂಡೋರ್ ಮುಖ ಎಲ್ಲ ನೋಡ್ಕೊಂಡು ಓಡಾಡಿದೀನಿ ನಾನು, ಹುಚ್ಚಿ ಥರ!"

ಅವಳು ನನ್ನ ತೋಳು ಹಿಡಿದುಕೊಂಡಳು. ಕಣ್ಣು ತುಂಬಿತ್ತು. "ತಪ್ಪಾಯ್ತು ಬ್ರೆಂಡಾ. ಹುರಿ ಎರಿಕ್‌ದೇ, ಸ್ವೆಟರ್ ಅಲ್ಲ ಅಂತ ಹೇಳ್ಬೇಕು ಅಂತಾನೇ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಕೆನ್ನತ್, ಎರಿಕ್ ಎಲ್ಲಿಗೆ ಹೋಗಿರ್ಬೋದು ಅಂತ ಶುರು ಮಾಡಿದ. ಬಾಯಲ್ಲಿ ಕೇಕ್ ಇಟ್ಕೊಂಡು, ಪಕ್ಕದ ಬೀದಿಯೋನ ವಿಷಯ ಮಾತಾಡೋ ಹಾಗೆ. ಮೂವತ್ತೆರಡು ವರ್ಷದಲ್ಲಿ ನನ್ನೆದುರು ಒಬ್ರಾದ್ರೂ ಎರಿಕ್ ಅಂದಿದೀರಾ? ನೀನಾದ್ರೂ ಅಂದಿದೀಯಾ? ಅವ್ನು ಸತ್ತಿದ್ದನ್ನ ತಡ್ಕೊಂಡೆ ಕಣೇ. ಅವ್ನು ಹುಟ್ಟೇ ಇರ್ಲಿಲ್ಲ ಅನ್ನೋ ಹಾಗೆ ನೀವೆಲ್ಲ ಇದ್ರಲ್ಲ, ಅದನ್ನ ತಡೆಯೋಕ್ಕಾಗ್ಲಿಲ್ಲ."

ನನ್ನ ಸಿಟ್ಟು ನಿಂತಲ್ಲೇ ಇಳಿದುಹೋಯಿತು. ಅವಳಿಗೆ ನೋವಾಗದಿರಲೆಂದು ಮಾಡಿದೆವು ಎಂದು ಹೇಳಲೂ ನಾಚಿಕೆಯಾಯಿತು. ಯಾರೋ ಒಬ್ಬ ಗಂಡಸು ಮಂಜಿನಲ್ಲಿ ನಮ್ಮ ಕಡೆಗೆ ಬರುತ್ತಿದ್ದ. ನಾವಿಬ್ಬರೂ ಅವನನ್ನು ನೋಡುತ್ತ ನಿಂತೆವು. ಹತ್ತಿರ ಬಂದಾಗ ಅವನು ಹಾಲಿನ ಅಂಗಡಿಯವನಾದ.

ಮುಂದಿನ ಸೋಮವಾರ ಕೆನ್ನತ್ ತಲೆ ತಗ್ಗಿಸಿಕೊಂಡೇ ಬಂದ. ಪತ್ರದ ವಿಷಯ ಅವನಿಗೂ ಕರ್ಸ್ಟಿಗೂ ನಾನು ಹೇಳಿದ್ದೆ. ಹೇಝಲ್ ಸ್ವೆಟರಿನ ಎಡಗೈಯ ಕತೆಯನ್ನು ಮಾರ್ಗೋಗೆ ಬರೆಯಲು ಕಾಗದ ತಂದಿದ್ದಳು. ಕೆನ್ನತ್ ಅವಳ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ, "ಇವತ್ತು ಮಂಜು ಸ್ವಲ್ಪ ಕಮ್ಮಿ," ಎಂದು ಹವಾಮಾನ ಶುರು ಮಾಡಿದ. ಹೇಝಲ್‌ಳ ಕಡ್ಡಿಗಳು ನಿಧಾನವಾದವು.

ನಾನು ಕೇಕಿನ ತಟ್ಟೆಯನ್ನು ಅವನ ಮುಂದೆ ತಳ್ಳಿದೆ.

"ಎರಿಕ್‌ಗೆ ಈ ಶುಂಠಿ ಕೇಕ್ ಅಂದ್ರೆ ಆಗ್ತಿರ್ಲಿಲ್ಲ ಕಣೋ," ಎಂದೆ. "ಚಿಕ್ಕೋನಿದ್ದಾಗ ಅಮ್ಮ ಕೊಟ್ಟಿದ್ದನ್ನ ಜೇಬಲ್ಲಿಟ್ಕೊಂಡು ಹೋಗಿ ಕಡಲಹಕ್ಕಿಗಳಿಗೆ ಹಾಕ್ತಿದ್ದ."

"ಸುಳ್ಳು," ಎಂದಳು ಹೇಝಲ್. "ನಾನು ಮಾಡಿದ್ದನ್ನ ತಿಂತಿದ್ದ."

"ನಿನ್ ಮುಂದೆ ತಿಂತಿದ್ದ," ಎಂದೆ.