ಸ್ಕೇಲಿಟ್ಟು ಎಳೆದ ಗೆರೆ

ನಾನೊಂದು ಸಿಡಿ. ಪ್ಲಾಸ್ಟಿಕ್ ಕರಗಿಸಿ, ಅಚ್ಚಿನಲ್ಲಿ ಒತ್ತಿ, ಬೆನ್ನಿಗೆ ಬೆಳ್ಳಿಬಣ್ಣದ ತೆಳು ಲೇಪ ಬಳಿದು ನನ್ನನ್ನು ಮಾಡಿದರು. ಹುಟ್ಟಿದ ಗಳಿಗೆಯಲ್ಲಿ ನನ್ನಷ್ಟು ಶುಚಿಯಾದದ್ದು ಇನ್ನೊಂದಿರಲಿಲ್ಲ. ಆಮೇಲೆ ಮನುಷ್ಯರ ಕೈಗೆ ಬಿದ್ದೆ. ಥೂ!

ನನ್ನೊಳಗಿದ್ದದ್ದು ‘ಏಳು ಕೋಟೆಯ ಸವಾರ’ ಎಂಬ ಕಂಪ್ಯೂಟರ್ ಆಟ. ಆಡುವವನು ಸವಾರನ ವೇಷ ತೊಟ್ಟು, ನಕಾಶೆ ನೋಡುತ್ತ ಊರೂರು ಅಲೆದು ಕೋಟೆ ಗೆಲ್ಲಬೇಕು. ಆ ನಕಾಶೆಗಳನ್ನು ಧಾರವಾಡದ ಎಸ್ತರ್ ಅಮ್ಮಣ್ಣ ಎಂಬವರು ಡ್ರಾಯಿಂಗ್ ಹಾಳೆಯ ಮೇಲೆ ಪೋಸ್ಟರ್ ಬಣ್ಣದಲ್ಲಿ ಬರೆದಿದ್ದರು. ಆಟ ಮಾಡಿದ ಕಂಪನಿಯವರು ಅವರ ಹೆಸರನ್ನು ಎಲ್ಲಿಯೂ ಹಾಕುವುದಿಲ್ಲ ಎಂದರು. ಜಗಳ ಆಡುವ ಸ್ವಭಾವ ಅವರದಲ್ಲ. ಪ್ರತಿ ನಕಾಶೆಯ ಮೂಲೆಯಲ್ಲೂ ಒಂದು ಪುಟ್ಟ ಕೆಂಪು ಕೋಳಿ ಬರೆದು ಸುಮ್ಮನಾದರು. ಅದೇ ಅವರ ಸಹಿ.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಆಟದ ಅಂಗಡಿ ಇಟ್ಟಿದ್ದ ಗುರುಶಿದ್ದಪ್ಪ. ಮಿರ್ಚಿ ತಿಂದ ಕೈಯಲ್ಲೇ ನನ್ನನ್ನು ಎತ್ತುವುದು, ಎಣ್ಣೆ ಮೆತ್ತಿದರೆ ಬಾಯಿ ಹತ್ತಿರ ತಂದು ‘ಹಾ’ ಎಂದು ಊದುವುದು, ಲುಂಗಿಗೆ ಒರೆಸುವುದು. ಆ ಉಸಿರಿನ ಉಳ್ಳಾಗಡ್ಡಿ ನಾತ ಈಗಲೂ ನೆನಪಾಗುತ್ತದೆ. ಆಟ ನಡುವೆ ನಿಂತರೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕುತ್ತಿದ್ದ.

“ಹಲ್ಲ ಬೆಳ್ಳಗ ಮಾಡತೈತಿ, ಸಿಡಿ ಮಾಡಂಗಿಲ್ಲೇನು?” ಎನ್ನುತ್ತಿದ್ದ.

ಹೇಸಿಗೆಯಿಂದ ಸತ್ತೇಹೋಗುತ್ತೇನೆ ಎನಿಸುತ್ತಿತ್ತು. ಆದರೆ ಸುಳ್ಳೇಕೆ ಹೇಳಲಿ, ತಿಕ್ಕಿದ ಮೇಲೆ ಆಟ ಮತ್ತೆ ನಡೆಯುತ್ತಿತ್ತು.

ಅವನ ಅಂಗಡಿ ಮುಚ್ಚುವ ಸುದ್ದಿ ಕೇಳಿ ಎಸ್ತರ್ ಬಂದರು. ಆಗ ಅವರು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅವರ ಮೂಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಕಂಪನಿಯೂ ಇರಲಿಲ್ಲ, ನನ್ನ ಜೊತೆ ಅಚ್ಚಾದ ಸಿಡಿಗಳೂ ಎಂದೋ ಕಸ ಸೇರಿದ್ದವು. ಆ ಏಳು ಕೋಟೆಗಳು ಉಳಿದಿದ್ದದ್ದು ನನ್ನ ಹೊಟ್ಟೆಯಲ್ಲಿ ಮಾತ್ರ.

“ನಿಮ್ಮ ಚಿತ್ರ ಐತಿ, ಹಂಗs ತಗೊಂಡ ಹೋಗ್ರಿ ಅಕ್ಕಾರ,” ಎಂದ ಗುರುಶಿದ್ದಪ್ಪ. ಕೊಡುವ ಮುಂಚೆ ಇನ್ನೊಮ್ಮೆ ಲುಂಗಿಗೆ ಒರೆಸಿದ.

ಆಟ ಆಡುವಾಗ ಕಾಣುವುದು ತುಣುಕಷ್ಟೇ, ನನ್ನಿಂದ ಇಡೀ ನಕಾಶೆ ಹೊರತೆಗೆಯುವುದು ಸುಲಭವಲ್ಲ. ಕಂಪನಿಯವರು ಒಂದೊಂದನ್ನೂ ಚೂರುಚೂರು ಮಾಡಿ, ಕಲಸಿ, ಬೀಗ ಹಾಕಿದ್ದರು. ಆ ಬೀಗ ಬಿಚ್ಚಬಲ್ಲವನು ಟೀಚರ ಹಳೆಯ ವಿದ್ಯಾರ್ಥಿ ಅಭಿನಂದನ. ಹಳೆಯ ಆಟಗಳ ಚಿತ್ರ ಕಿತ್ತು, ತಿದ್ದಿ ತೀಡಿ, ಹೊಸ ಆಟ ಕಟ್ಟಿ ಇಂಟರ್ನೆಟ್ಟಿಗೆ ಹಾಕುವುದು ಅವನ ಹವ್ಯಾಸ. ಅದಕ್ಕೆ ‘ಮಾಡ್’ ಎನ್ನುತ್ತಾರಂತೆ.

“ಒಮ್ಮೆ ಕಣ್ತುಂಬ ನೋಡಬೇಕಪಾ,” ಎಂದರು ಟೀಚರ್.

“ಎಲ್ಲಾ ತಗದ ಕೊಡ್ತೇನ್ರೀ ಟೀಚರ್. ಕೋಳಿ ಸೈತ!”

ಅವನು ಕೈ ತೊಳೆದುಕೊಂಡು ಬಂದು ನನ್ನನ್ನು ಅಂಚಿನಲ್ಲಿ ಮಾತ್ರ ಹಿಡಿದ. ಮೆತ್ತಗಿನ ಬಟ್ಟೆಯಿಂದ ಒರೆಸಿದ. ಅಂತೂ ಮನುಷ್ಯನೊಬ್ಬ ಸಿಕ್ಕ ಎಂದು ನಾನು ಮರುಳಾದೆ.

ಕೆಲಸವನ್ನೇನೋ ಚೆನ್ನಾಗಿಯೇ ಮಾಡಿದ. ಚೂರುಗಳು ಕೂಡಿ, ಮೊದಲ ಕೋಟೆ ಅವನ ಪರದೆಯ ಮೇಲೆ ನಿಂತಿತು. ಹುಣಿಸೆ ಮರ, ಕೆರೆ, ಕೆರೆ ದಂಡೆಯ ಒಗೆಯುವ ಕಲ್ಲು, ಮೂಲೆಯಲ್ಲಿ ಕೋಳಿ. ಅವನು ಆ ಕೋಳಿಯನ್ನು ದೊಡ್ಡದು ಮಾಡಿ ನೋಡಿದ. ಆಮೇಲೆ ಅಳಿಸಿದ. ಏಳು ನಕಾಶೆಯಲ್ಲೂ ಅಳಿಸಿ, ಆ ಜಾಗದಲ್ಲಿ ತನ್ನ ಹೆಸರು ಬರೆದ.

ಗೆಳೆಯನಿಗೆ ಫೋನು ಹಚ್ಚಿ, “ಎಲ್ಲಾ ನಾನs ಕೈಯಿಂದ ಬರದದ್ದಲೇ!” ಎಂದ.

ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ನಾನು ಉಳಿದರೆ ಎಂದಾದರೂ ಕೋಳಿ ಕೂಗೀತೆಂಬ ಭಯ ಅವನಿಗೆ. ಹೊಳೆಯುವ ಮೈಗೆ ಗೀರು ಬಿದ್ದರೆ ಸಿಡಿ ಬದುಕೀತು. ಆಟದ ಹೆಸರು ಅಚ್ಚಾದ ಬೆನ್ನ ಕೆಳಗೇ ನಮ್ಮ ಜೀವ. ಅದು ಅವನಿಗೆ ಗೊತ್ತಿತ್ತು. ನನ್ನನ್ನು ಬೋರಲು ಹಾಕಿ, ಕಟರ್ ತೆಗೆದುಕೊಂಡ. ಅಚ್ಚುಕಟ್ಟಿನ ಮನುಷ್ಯ ನೋಡಿ, ಪಾಪ ಮಾಡಲಿಕ್ಕೂ ಸ್ಟೀಲ್ ಸ್ಕೇಲು ಬೇಕಾಯಿತು.

ಟೀಚರಿಗೆ ನನ್ನನ್ನು ಮರಳಿಸುತ್ತ, “ಏನೂ ಬರಲಿಲ್ರೀ. ಆ ಅಂಗಡಿಯಂವ ಪೇಸ್ಟ್ ತಿಕ್ಕಿ ತಿಕ್ಕಿ ಹಾಳ ಮಾಡ್ಯಾನ,” ಎಂದ. ಗುರುಶಿದ್ದಪ್ಪನ ಮಿರ್ಚಿ ಎಣ್ಣೆ ನೂರು ಪಾಲು ಮೇಲು. ಅದು ಸಾಬೂನಿಗಾದರೂ ಹೋಗುತ್ತಿತ್ತು.

ಅವನು ಹೋದ ಮೇಲೆ ಟೀಚರ್ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆನ್ನು ತಿರುಗಿಸಿದರು. ಬಹಳ ಹೊತ್ತು ನೋಡಿ ಅವನಿಗೆ ಫೋನು ಮಾಡಿದರು.

“ಬಿದ್ದ ಗೀರು ಸೊಟ್ಟ ಇರತೈತಿ ಅಭಿನಂದನ. ಇದು ಸ್ಕೇಲಿಟ್ಟ ಗೆರಿ. ಗೆರಿ ಎಳಿಯೂದು ನಾನs ಕಲಿಸಿದ್ದು ನಿನಗ.”

ಅವನು ಫೋನು ಕತ್ತರಿಸಿದ. ಮತ್ತೆ ಎತ್ತಲಿಲ್ಲ.

ಈಗ ನಾನು ಟೀಚರ ಮೇಜಿನ ಮೇಲಿದ್ದೇನೆ. ಯಾವ ಕಂಪ್ಯೂಟರೂ ನನ್ನನ್ನು ಓದುವುದಿಲ್ಲ. ಅವರು ಹೊಸ ಹಾಳೆ ಹರವಿ, ಮೊದಲು ಮೂಲೆಯಲ್ಲಿ ಕೋಳಿ ಬರೆಯುತ್ತಾರೆ. ಆಮೇಲೆ ನನ್ನನ್ನು ನಡುವೆ ಇಟ್ಟು ಸುತ್ತ ಪೆನ್ಸಿಲ್ ಆಡಿಸಿ ಕೋಟೆಯ ಗೋಡೆ ಎಳೆಯುತ್ತಾರೆ. ನನ್ನ ಅಂಚೆಲ್ಲ ಕಪ್ಪು ಪುಡಿ. ಇರಲಿ ಬಿಡಿ.

ಎರಡು ಕೋಟೆ ಮುಗಿದಿವೆ. ಮೂರನೆಯದರಲ್ಲಿ ಕೈ ನಿಂತಿದೆ. “ಎಷ್ಟ ಬುರುಜ ಬರದಿದ್ನೆವಾ ಇದಕ್ಕ?” ಎಂದು ನನ್ನನ್ನೇ ಕೇಳುತ್ತಾರೆ.

ನನಗೂ ಗೊತ್ತಿಲ್ಲ. ಅದಿದ್ದ ಜಾಗದ ಮೇಲೇ ಅವನು ಗೆರೆ ಎಳೆದಿದ್ದಾನೆ.