ಕಚ್ಚದ ಏಡಿಗಳು

ನನ್ನ ಬಾಯಿ ಸರಿ ಇಲ್ಲ. ಐರೋಲಿಯ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ನಿಂದ ಹಿಡಿದು ಊರಿನ ನಾದಿನಿಯವರೆಗೆ ಎಲ್ಲರೂ ಇದನ್ನು ಹೇಳುತ್ತಾರೆ, ನನ್ನ ಬೆನ್ನ ಹಿಂದೆ. ಎದುರಿಗೇ ಹೇಳುತ್ತಿದ್ದವನು ನನ್ನ ಅಣ್ಣ ಬೂಬ ಒಬ್ಬನೇ. "ದಮ್ಮು, ನಿನ್ನ ನಾಲಿಗೆಯಲ್ಲಿ ಮುಳ್ಳುಂಟು ಮಾರಾಯ್ತಿ. ಸಣ್ಣದಿರುವಾಗ ತಿಂದ ಮೀನಿನದ್ದು, ಅಲ್ಲೇ ಉಳಿದಿದೆ" ಎನ್ನುತ್ತಿದ್ದ. ಎರಡು ಸಾವಿರದ ಹದಿಮೂರರ ಜೂನಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ನಡುವೆ ಯಾರೂ ನನಗೆ ಸಮಾಧಾನ ಹೇಳಲು ಬರಬೇಡಿ.

ನಾವು ಉದ್ಯಾವರದ ಹೊಳೆಬದಿಯ ಮೊಗವೀರರು. ಅಪ್ಪ ಬಲೆ ಹಾಕುತ್ತಿದ್ದರು, ಬೂಬ ದೋಣಿ ಹಿಡಿಯುತ್ತಿದ್ದ, ನಾನು ಬುಟ್ಟಿ ಹೊರುತ್ತಿದ್ದೆ. ಹದಿನಾರಕ್ಕೆ ಅವನು ಊರು ಬಿಟ್ಟು ಠಾಣೆ ಶಹರಕ್ಕೆ ಬಂದು ಒಂದು ಸಸ್ಯಾಹಾರಿ ಹೋಟೆಲು ಸೇರಿದ. ನಲವತ್ತೆರಡು ವರ್ಷ ಇಡ್ಲಿ ಹಿಟ್ಟು ರುಬ್ಬಿದ, ದೋಸೆ ಹೊಯ್ದ. ಅತ್ತಿಗೆ ತೀರಿಕೊಂಡ ಮೇಲೆ ಅಲ್ಲೇ ಕಳವಾ ಎಂಬ ಕಡೆ ಚಾಳಿನಲ್ಲಿ ಒಬ್ಬನೇ ಇದ್ದವನನ್ನು ನಾನೇ ಬೈದು ನನ್ನ ಮನೆಗೆ ಕರೆತಂದೆ. ಬಂದವನು ಉಣ್ಣುವುದನ್ನೇ ಬಿಟ್ಟ. ಒಂದು ಸೌಟು ಗಂಜಿ, ಉಪ್ಪಿನಕಾಯಿಯ ಒಂದು ಹೋಳು. ಬಂಗುಡೆ ಪುಳಿಮುಂಚಿ ಮಾಡಿದರೂ ತಟ್ಟೆ ಸರಿಸುತ್ತಿದ್ದ. ಎರಡು ವರ್ಷದಲ್ಲಿ ಅಂಗಿಯೊಳಗೆ ಬರೀ ಎಲುಬು ಉಳಿಯಿತು. ಡಾಕ್ಟರು ಕಿಡ್ನಿ ವೀಕ್ ಇದೆ, ಸರಿಯಾಗಿ ತಿನ್ನಿಸಿ ಎಂದರು. ಹೇಗೆ ತಿನ್ನಿಸುವುದು? ಎಪ್ಪತ್ತರ ಮುದುಕನ ಮೂಗು ಹಿಡಿದು ಬಾಯಿಗೆ ಹಾಕಲಿಕ್ಕಾಗುತ್ತದೆಯೇ? ಅವನು ಒಂದು ತಟ್ಟೆ ಅನ್ನ ಪೂರ್ತಿ ಉಣ್ಣುವುದನ್ನು ನೋಡಬೇಕೆಂದು ನಾನು ದೇವರಿಗೆ ಹೂವಿನ ಪೂಜೆ ಹೇಳಿಕೊಂಡಿದ್ದೆ.

ಮನೆಯಲ್ಲಿದ್ದ ಮೂರನೆಯವಳು ನನ್ನ ಮೊಮ್ಮಗಳು ಮಾನಸಿ. ಎಮ್ಮೆಸ್ಸಿ ಓದುತ್ತಿದ್ದಳು, ಮೀನು ಏಡಿಗಳದ್ದೇ ಓದು. ನೀರಿಳಿದ ಹೊತ್ತಿಗೆ ಖಾಡಿಯ, ಅಂದರೆ ಇಲ್ಲಿನ ಸಮುದ್ರದ ಹಿನ್ನೀರಿನ, ಕೆಸರಿಗೆ ಹೋಗಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬುಡದಲ್ಲಿ ಒಂದು ಪೈಪಿನ ಚೌಕಟ್ಟು ಇಟ್ಟು, ಅದರೊಳಗೆ ಬಂದ ಸಣ್ಣ ಏಡಿಗಳನ್ನು ಎಣಿಸುವುದು. ಗಂಡು ಏಡಿಗೆ ಒಂದು ಕೊಂಬು, ಇಕ್ಕಳದಂಥ ಆ ಕೈ, ಮಾತ್ರ ದೊಡ್ಡದು. ನೂರಾರು ಗಂಡುಗಳು ಒಟ್ಟಿಗೇ ಅದನ್ನು ಎತ್ತಿ ಬೀಸುತ್ತವಂತೆ, ಒಂದು ಹೆದರಿ ಬಿಲಕ್ಕೆ ಓಡಿದರೆ ಎಲ್ಲವೂ ಓಡುತ್ತವಂತೆ. ನಾನು ಬಿಡುತ್ತೇನೆಯೇ? "ಏಡಿ ಎಣಿಸ್ಲಿಕ್ಕೆ ಕಾಲೇಜು ಬೇಕಾ? ನಮ್ಮಲ್ಲಿ ಮೂಗು ಸೋರುವ ಮಕ್ಕಳೂ ಎಣಿಸ್ತಾರೆ" ಎನ್ನುತ್ತಿದ್ದೆ. ಅವಳು "ಅಜ್ಜಿ, ಯಾರ್, ಪ್ಲೀಸ್" ಎಂದು ಕಿವಿಗೆ ವಯರು ಸಿಕ್ಕಿಸಿಕೊಳ್ಳುತ್ತಿದ್ದಳು.

ಆ ಜೂನಿನಲ್ಲಿ, ಅದು ನಡೆದ ದಿನದ ಹಿಂದಿನ ಸಂಜೆ ಅವಳು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದಳು. ಮುಖ ಚಿಕ್ಕದಾಗಿತ್ತು.

"ಅಜ್ಜಿ, ಒಂದೂ ಕೈ ಬೀಸ್ತಾ ಇಲ್ಲ. ಬಿಲ ಬಿಟ್ಟು ಗಿಡದ ಮೇಲೆ ಹತ್ತಿ ಕೂತಿವೆ. ನೀರಿಗೆ ಅಜೀಬ್ ವಾಸನೆ. ಕಲ್ ಖಾಡಿ ಸೇ ಕುಛ್ ಮತ್ ಲೇನಾ, ಅಲ್ಲಿಂದ ಒಂದು ಸಿಗಡಿನೂ ತರಬೇಡ."

"ಹೋಗೇ! ಮೀನಿನ ಮರಿಗೆ ಈಜು ಕಲಿಸ್ಲಿಕ್ಕೆ ಬಂದಳು" ಎಂದೆ ನಾನು.

ರಾತ್ರಿ ಮೊದಲ ದೊಡ್ಡ ಮಳೆ ಹೊಯ್ಯಿತು. ಬೆಳಿಗ್ಗೆ ಮಾನಸಿ ಹಿಂದಿನ ಸಂಜೆ ತಂದಿದ್ದ ಖಾಡಿಯ ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಬೇಗನೆ ಟ್ರೇನು ಹಿಡಿದು ಕಾಲೇಜಿಗೆ ಹೋದಳು. ನಾನು ಹಾಲು ತರಲೆಂದು ಹೊರಟು, ಮಳೆ ನಿಂತಿದೆಯಲ್ಲ ಎಂದು ಖಾಡಿಯ ಕಡೆಗೆ ಒಂದು ಸುತ್ತು ಹೋದೆ. ದಂಡೆಯುದ್ದಕ್ಕೂ ಏಡಿ! ಅಂಗೈಯಗಲದ ಏಡಿಗಳು ಕಲ್ಲಿನ ಮೇಲೆ, ಗಿಡದ ಬೇರಿನ ಮೇಲೆ, ಒಂದರ ಮೇಲೊಂದು. ನೀರಿನ ಅಂಚಿನಲ್ಲಿ ಸಿಗಡಿ ಸಾಲುಗಟ್ಟಿತ್ತು. ಅದರಾಚೆ ಗೇಣುದ್ದದ ಮೀನುಗಳು ಮೂತಿಯನ್ನು ಮೇಲೆ ಮಾಡಿ ಪಚಪಚ ಎನ್ನುತ್ತಿದ್ದವು.

ಉಬರ್! ಎಂದು ನಾನು ಗಟ್ಟಿಯಾಗಿಯೇ ಕೂಗಿಬಿಟ್ಟೆ. ನಮ್ಮ ಊರಲ್ಲಿ ಮೊದಲ ಮಳೆಯ ಕೆಂಪು ನೀರು ಬಂದ ಕೂಡಲೇ ಮೀನು ಹೊಳೆ ಬಿಟ್ಟು ತೋಡಿಗೆ, ತೋಡು ಬಿಟ್ಟು ಗದ್ದೆಗೆ ಏರುತ್ತದೆ. ಅದೇ ಉಬರ್. ಬೂಬ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅವನು ಹಿಡಿದು ಹಿಡಿದು ಎಸೆಯುವುದು, ನಾನು ಬುಟ್ಟಿ ಒಡ್ಡುವುದು. ಐವತ್ತು ವರ್ಷದ ಮೇಲೆ ಈ ಹಾಳು ಖಾಡಿಯಲ್ಲಿ ಉಬರ್ ಬಂದಿದೆ, ಅಣ್ಣ ಉಣ್ಣಲಿ ಎಂದೇ ಬಂದಿದೆ ಎಂದುಕೊಂಡೆ. ಸೀರೆ ಎತ್ತಿ ಕಟ್ಟಿ ಇಳಿದೆ. ಹಾಲಿನ ಚೀಲಕ್ಕೆ ಹನ್ನೊಂದು ಏಡಿ ತುಂಬಿದೆ.

ಒಂದೂ ಕಚ್ಚಲಿಲ್ಲ.

ಎರಡು ಏಡಿಯನ್ನು ಒಂದೇ ಬುಟ್ಟಿಗೆ ಹಾಕಿದರೆ ಕೊಂಬು ಮುರಿಯುವಂತೆ ಕಾದಾಡುತ್ತವೆ. ಅದು ನನಗೆ ಗೊತ್ತು. ಉಬರ್ ಮೀನು ಹರಿವಿಗೆ ಎದುರಾಗಿ ಹಾರಿ ಹಾರಿ ಏರುತ್ತದೆ, ದಂಡೆಗೆ ಬಂದು ಬಾಯಿ ಬಿಡುತ್ತಾ ನಿಲ್ಲುವುದಿಲ್ಲ. ಅದೂ ಗೊತ್ತು. ಗೊತ್ತಿದ್ದೂ, ಮಳೆಯ ಚಳಿಗೆ ಮರಗಟ್ಟಿರಬೇಕು ಪಾಪ ಎಂದು ನನಗೆ ನಾನೇ ಹೇಳಿಕೊಂಡೆ. ಸುಡಲಿ ನನ್ನ ಬುದ್ಧಿ!

ಮನೆಯಲ್ಲಿ ಚೀಲವನ್ನು ಸಿಂಕಿಗೆ ಸುರಿದು "ಅಣ್ಣಾ, ಬಾ ಇಲ್ಲಿ, ಉಬರ್ ಬಂದಿದೆ!" ಎಂದು ಕರೆದೆ. ಬೂಬ ಗೋಡೆ ಹಿಡಿದು ಬಂದ. ಮುಖ ಅರಳಿತು. ಎಷ್ಟೋ ದಿನದ ಮೇಲೆ ಅವನ ಹಲ್ಲು ನೋಡಿದೆ. ಬಗ್ಗಿ ಒಂದು ಏಡಿಯ ಎರಡು ಕೊಂಬಿನ ನಡುವೆ ಬೆರಳಿಟ್ಟ. ಇಟ್ಟುಕೊಂಡೇ ನಿಂತ. ಆಮೇಲೆ ಇನ್ನೊಂದಕ್ಕೆ ಇಟ್ಟ.

"ದಮ್ಮು, ಇದು ಕಚ್ಚುದಿಲ್ಲ ಅಲ್ವಾ?"

ನನಗೆ ಎಲ್ಲಿತ್ತೋ ಸಿಟ್ಟು. ಕೆಸರಿಗಿಳಿದು ತಂದವಳು ನಾನು, ಅದರಲ್ಲೂ ಹುಳುಕು ಹುಡುಕುತ್ತಾನಲ್ಲ ಎನಿಸಿತು. "ಆ ಹುಡುಗಿ ನಿನಗೂ ಪಾಠ ಮಾಡಿದಳಾ? ನಲವತ್ತು ವರ್ಷ ಇಡ್ಲಿ ಬೇಯಿಸಿದವನಿಗೆ ಏಡಿಯದ್ದು ಎಂತ ಗೊತ್ತುಂಟು? ತಿನ್ನುವುದಾದ್ರೆ ತಿನ್ನು, ಇಲ್ಲದಿದ್ರೆ ಎಲ್ಲ ಕಸದ ಡಬ್ಬಿಗೆ ಹಾಕ್ತೇನೆ. ನಾಳೆಯಿಂದ ನಿನಗೆ ಗಂಜಿಯೂ ಇಲ್ಲ" ಎಂದೆ. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೂಬ ಹೋಗಿ ಕುರ್ಚಿಯಲ್ಲಿ ಕುಳಿತ.

ಕಾಯಿ ಹುರಿದು, ಕೊತ್ತಂಬರಿ ಹುರಿದು, ಗಸಿ ಮಾಡಿದೆ. ಹನ್ನೆರಡೂವರೆಗೆ ಬಡಿಸಿದೆ. ಅವನು ಉಂಡ. ನನ್ನ ಕಣ್ಣನ್ನು ನನಗೇ ನಂಬಲಾಗಲಿಲ್ಲ, ಒಂದು ತಟ್ಟೆ ಮುಗಿಸಿ ಇನ್ನೊಂದು ತಟ್ಟೆ ಅನ್ನ ಕೇಳಿದ. ನಾನು ನನಗೊಂದು ಏಡಿ ಬಡಿಸಿಕೊಳ್ಳಲು ಹೋದರೆ ಪಾತ್ರೆಯನ್ನೇ ತನ್ನ ಕಡೆ ಎಳೆದುಕೊಂಡ.

"ಇವತ್ತು ಎಲ್ಲ ನನಗೇ. ನಿನಗಿಲ್ಲ, ಮಾನಸಿಗೂ ಇಲ್ಲ."

"ಅಯ್ಯೋ ಹೊಟ್ಟೆಬಾಕ! ಹುಡುಗಿಗೆ ಒಂದಾದ್ರೂ ಇಡು" ಎಂದು ನಕ್ಕೆ. ಅವನು ಇಡಲಿಲ್ಲ. ಕೊನೆಯ ಕೊಂಬನ್ನೂ ಚೀಪಿ, ಪಾತ್ರೆಯ ತಳದ ಗಸಿಯನ್ನೂ ಬಳಿದುಕೊಂಡ. ನಾನು ಸಂತೋಷದಿಂದ ಉಪ್ಪಿನಕಾಯಿಯಲ್ಲಿ ಉಂಡೆದ್ದೆ. ನನ್ನ ಹರಕೆ ಫಲಿಸಿತೆಂದು ದೇವರಿಗೆ ಕೈಮುಗಿದೆ.

ಮೂರು ಗಂಟೆಗೆ ಮಾನಸಿ ಬಂದಳು. ಬಾಗಿಲಲ್ಲೇ ಮೂಗರಳಿಸಿದಳು.

"ಅಜ್ಜಿ, ಕ್ಯಾ ಬನಾಯಾ? ಏನು ಅಡುಗೆ?"

ಹೇಳಿದೆ. ಅವಳ ಬ್ಯಾಗು ಕೈಯಿಂದ ಜಾರಿತು. ಕಾಲೇಜಿನಲ್ಲಿ ನೀರು ನೋಡಿದ್ದರಂತೆ. ಎಲ್ಲಿಂದಲೋ ಏನೋ ಕೆಮಿಕಲ್ ಹರಿದು ಬಂದು ಸೇರಿದೆ, ನೀರಿನಲ್ಲಿ ಉಸಿರಾಡಲು ಗಾಳಿಯೇ ಇಲ್ಲ. "ಅವು ಹತ್ತಿ ಬಂದದ್ದಲ್ಲ ಅಜ್ಜಿ, ಓಡಿ ಬಂದದ್ದು. ಉಸಿರಿಗಾಗಿ ಎಲ್ಲ ಒಟ್ಟಿಗೆ ದಂಡೆಗೆ ಬಂದವು. ಲಡ್ನೇ ಕೀ ಭೀ ತಾಕತ್ ನಹೀ ಥೀ, ಕಚ್ಚೋ ಶಕ್ತಿನೂ ಇರಲಿಲ್ಲ. ಯಾರು ತಿಂದ್ರು? ಬೂಬಜ್ಜ ತಿಂದ್ರಾ?"

ಆಗಲಾದರೂ ನಾನು ಬಾಯಿ ಮುಚ್ಚಬೇಕಿತ್ತು. "ನಾಲ್ಕು ಪುಸ್ತಕ ಓದಿ ನನ್ನ ಅಡುಗೆಗೆ ವಿಷ ಅಂತೀಯಾ? ಎರಡು ವರ್ಷದಿಂದ ಉಣ್ಣದವನು ಉಂಡು ಮಲಗಿದ್ದಾನೆ, ಎಬ್ಬಿಸಬೇಡ" ಎಂದು ಕೋಣೆಯ ಬಾಗಿಲಿಗೆ ಅಡ್ಡ ನಿಂತು ಜಗಳ ಮಾಡಿದೆ. ಅರ್ಧ ಗಂಟೆ ಹೀಗೇ ಹೋಯಿತು. ಒಳಗಿನಿಂದ ವಾಂತಿಯ ಸದ್ದು ಕೇಳಿದಾಗ ಮಾನಸಿ ನನ್ನನ್ನು ನೂಕಿ ಒಳಗೆ ಹೋದಳು.

ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಸಲೈನು, ಇಂಜೆಕ್ಷನ್ನು ಎಲ್ಲ ಆಯಿತು. ಮರುದಿನ ಮೂತ್ರ ನಿಂತಿತು. ವಯಸ್ಸಾಗಿದೆ, ಕಿಡ್ನಿ ಮೊದಲೇ ವೀಕ್, ಏನು ತಿಂದರು ಎಂದು ಡಾಕ್ಟರು ಕೇಳಿದರು. ಮಾನಸಿ ನನ್ನ ಮುಖ ನೋಡಿದಳು. ನಾನೇ ಹೇಳಿದೆ.

ಮೂರನೆಯ ದಿನ ಬೆಳಿಗ್ಗೆ ಬೂಬನಿಗೆ ಸ್ವಲ್ಪ ಎಚ್ಚರವಿತ್ತು. ನಾನು ಅವನ ಕೈ ಹಿಡಿದು ಕುಳಿತಿದ್ದೆ. ಕೇಳಲೇಬೇಕಾಗಿತ್ತು, ಕೇಳಿದೆ.

"ಅಣ್ಣ, ನಿನಗೆ ಗೊತ್ತಿತ್ತಾ?"

"ಕಚ್ಚದ ಏಡಿ ಎಂಥ ಏಡಿ ದಮ್ಮು?"

"ಮತ್ತೆ ಯಾಕೆ ತಿಂದೆ ಮಾರಾಯ? ಹೇಳ್ಬಾರ್ದಿತ್ತಾ?"

"ಹೇಳಿದೆ ಅಲ್ಲ ಒಮ್ಮೆ. ಎರಡನೇ ಸಲ ಹೇಳಿದ್ರೆ ನೀನು ಪಾತ್ರೆ ಬಿಸಾಡ್ತಿದ್ದೆ." ಅವನು ನಗಲು ನೋಡಿದ. "ಉಬರೇ ಇರಬಹುದು ಅಂತ ನನಗೂ ಆಸೆ ಆಯ್ತು. ಒಳ್ಳೆದಾದ್ರೆ ನನಗೇ ಇರಲಿ, ಕೆಟ್ಟದಾದ್ರೂ ನನಗೇ ಇರಲಿ. ಹುಡುಗಿ ತಿನ್ನುದು ಬೇಡ ಅಂತ."

ಏಡಿಯ ಕೊಂಬಿನ ನಡುವೆ ಇಟ್ಟಿದ್ದ ಅವನ ಆ ಬೆರಳನ್ನು ನಾನು ಹಿಡಿದುಕೊಂಡೆ. ಮಾರನೆಯ ದಿನ ಮಧ್ಯಾಹ್ನ ಅವನು ಹೋದ.

ಯಾರೂ ನನ್ನನ್ನು ಬೈಯಲಿಲ್ಲ. ಮಾನಸಿಯೂ ಬೈಯಲಿಲ್ಲ, ಅದೇ ನನಗೆ ತಡೆಯಲಾಗದ್ದು. ಈಗ ನೀರಿಳಿದಾಗ ಅವಳ ಜೊತೆ ನಾನೂ ಖಾಡಿಗೆ ಹೋಗುತ್ತೇನೆ. ಅವಳು ಎಣಿಸುತ್ತಾಳೆ, ನಾನು ಕೊಡೆ ಹಿಡಿದು ನಿಂತು ಯಾವುದು ಕೈ ಬೀಸುತ್ತಿದೆ ಎಂದು ಹೇಳುತ್ತೇನೆ.

ಅವನು ಹೋದ ಮೇಲಿನ ಮೊದಲ ಆಟಿ ತಿಂಗಳು, ನಮ್ಮ ಕಡೆಯ ಆಷಾಢ, ಬಂತು. ಆಟಿಯಲ್ಲಿ ನಾವು ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತೇವೆ. ಬೂಬನಿಗೆ ಏನು ಇಷ್ಟವೆಂದು ಎಲ್ಲರಿಗೂ ಗೊತ್ತು. ಕೋಳಿ ಸಾಕು ಅಜ್ಜಿ ಎಂದು ಮಾನಸಿ ಹೇಳಿದಳು. ನಾನು ಕೇಳಲಿಲ್ಲ. ಅವಳನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಮೀನಿನವಳ ಬುಟ್ಟಿಯಲ್ಲಿ ಅಲಿಬಾಗ್ ಕಡೆಯ ಏಡಿಗಳಿದ್ದವು, ಕೊಂಬುಗಳನ್ನು ದಾರದಿಂದ ಬಿಗಿದು ಕಟ್ಟಿದ್ದಳು.

"ದಾರ ಬಿಚ್ಚು" ಎಂದೆ.

"ಅಗೋ ಮಾವ್ಶಿ, ಚಾವೇಲ್ ನಾ!" ಕಚ್ಚುತ್ತದೆ ಎಂದು ಅವಳು ಕೈ ಅಡ್ಡ ಹಿಡಿದಳು.

"ಚಾವೂ ದೇ. ಕಚ್ಚಲಿ ಅಂತಲೇ ಕೇಳಿದ್ದು."

ಅವಳು ಬಿಚ್ಚಿದಳು. ನಾನು ಕೊಂಬಿನ ನಡುವೆ ಬೆರಳಿಟ್ಟೆ. ಕಟಕ್ಕೆಂದು ಹಿಡಿಯಿತು. ಅಮ್ಮಾ ಎಂದೆ, ರಕ್ತ ಬಂತು, ಮಾನಸಿ "ಅಜ್ಜಿ, ಛೋಡೋ ಉಸೆ!" ಎಂದು ಕಿರುಚಿದಳು. ಅದನ್ನು ಬಿಡಿಸಲು ಇಬ್ಬರು ಬೇಕಾಯಿತು. ನಾನು ಮಾರ್ಕೆಟ್ಟಿನ ನಡುವೆ ನಿಂತು, ಆಸ್ಪತ್ರೆಯಲ್ಲೂ ಅಳದಿದ್ದವಳು, ಗೊಳೋ ಎಂದು ಅತ್ತೆ.

ಅದೇ ಗಸಿ ಮಾಡಿದೆ. ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಅವನು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ಹೊರಗೆ ಕುಳಿತೆವು. ಬೆರಳಿಗೆ ಬಟ್ಟೆ ಸುತ್ತಿತ್ತು, ಒಳಗೊಳಗೇ ಸಿಡಿಯುತ್ತಿತ್ತು. ಮಾನಸಿ ನನ್ನ ಹೆಗಲಿಗೆ ಒರಗಿದಳು. ನಾನು ಬಾಗಿಲಿನ ಸಂದಿಗೆ ಬಾಯಿಟ್ಟು, ನನ್ನಿಂದಾದಷ್ಟು ಮೆಲ್ಲಗೆ ಹೇಳಿದೆ:

"ಅಣ್ಣ, ಇದು ಕಚ್ಚಿದೆ. ಈ ಸಲ ನಮಗೂ ಸ್ವಲ್ಪ ಉಳಿಸು."