ಒಂದು ನಿಮಿಷ ಮಗ್ಗ ನಿಲ್ಲಸ್ರಿ

ನನ್ನ ಬಾಯಿಯೇ ನನ್ನ ವೈರಿ ಎಂದು ಅವ್ವ ಸುಮ್ಮನೆ ಹೇಳುತ್ತಿರಲಿಲ್ಲ. ಕುಲಸಚಿವ ಶ್ರೀಶೈಲ ಅವರು ಫೈಲು ಮುಚ್ಚಿ, "ಮಹೇಶ್ವರಿಯವರ, ವರ್ಷಕ್ಕ ಏಳ ಫೋನ್ ಬಂದಾವ. ಕೇಳಾವರಿಲ್ಲದ ರೇಡಿಯೋ ಯಾಕ ಬೇಕ್ರಿ? ಈ ತಿಂಗಳಿಗೆ ಮುಚ್ಚೂಣು" ಎಂದಾಗ ಮೈಯೆಲ್ಲ ಉರಿಯಿತು.

"ನೇಯಾವರ ಕೈ ಮಗ್ಗದ ಮ್ಯಾಲ ಇರತಾವ ಸರ್, ಫೋನಿನ ಮ್ಯಾಲಲ್ಲ. ಗುಳೇದಗುಡ್ಡದಾಗ ನಿಮಗ ಬೇಕಾದ ಓಣಿ ತೋರಸ್ರಿ. ನಾವು ರೇಡಿಯೋದಾಗ ಹೇಳಿದ್ರ ಮಗ್ಗ ನಿಲ್ಲತಾವ."

"ನಿಲ್ಲಲಿಲ್ಲಂದ್ರ?"

"ನಾನ ಬೀಗ ಹಾಕಿ ಕೀಲಿ ಕೊಡ್ತೇನಿ."

ವಿಶ್ವವಿದ್ಯಾಲಯದ ಹಳೆಯ ಉಗ್ರಾಣದ ಗೋಡೆಗೆ ದನಿ ಮಾರ್ದನಿಸದಂತೆ ತತ್ತಿಯ ಟ್ರೇ ಅಂಟಿಸಿ ಹನ್ನೊಂದು ವರ್ಷದ ಹಿಂದೆ ಶುರು ಮಾಡಿದ ರೇಡಿಯೋ ನಿಲಯ ನಮ್ಮದು. ಮೊದಲ ವರ್ಷ ಪ್ರಾಧ್ಯಾಪಕರ ಭಾಷಣ ಹಾಕಿದೆವು. ಅವರ ಮನೆಯವರೂ ಕೇಳಲಿಲ್ಲ. ಆಮೇಲೆ ಕುಪ್ಪಸದ ಖಣ ನೇಯುವ ಮುತ್ತವ್ವ ನಿಲಯಕ್ಕೇ ಬಂದು ಬೈದಳು: "ಮಗ್ಗದ ಸಪ್ಪಳದಾಗ ಒಮ್ಮೆ ಹೇಳಿದ್ದು ಕೇಳಂಗಿಲ್ಲ. ಎರಡ ಸಲ ಹೇಳ್ರಿ." ಅಂದಿನಿಂದ ನೂಲಿನ ದರ, ನಳದ ನೀರು ಬಿಡುವ ಹೊತ್ತು, ಸತ್ತವರ ಸುದ್ದಿ ಎಲ್ಲವನ್ನೂ ಎರಡು ಸಲ ಹೇಳುತ್ತೇವೆ.

ಮರುದಿನ ಹನ್ನೊಂದು ಗಂಟೆಗೆ ಶ್ರೀಶೈಲರು ನನ್ನನ್ನೂ ಕೂರಿಸಿಕೊಂಡು ತಮಗೆ ತೋಚಿದ ಓಣಿಗೆ ಜೀಪು ತಿರುಗಿಸಿದರು. ಎರಡೂ ಕಡೆಯ ಮನೆಗಳಲ್ಲಿ ಮಗ್ಗದ ಸದ್ದು. ನಿಲಯದಲ್ಲಿದ್ದ ಉದ್ಘೋಷಕಿ ಸುಮಾಗೆ ಫೋನು ಮಾಡಿ ಶುರು ಮಾಡೆಂದೆ. ನನ್ನ ಕೈಲಿದ್ದ ಸಣ್ಣ ರೇಡಿಯೋದಲ್ಲಿ ಅವಳ ದನಿ ಬಂತು: "ನೇಕಾರ ಬಂಧುಗಳ, ಒಂದ ನಿಮಿಷ ಮಗ್ಗ ನಿಲ್ಲಸ್ರಿ. ನಿಮ್ಮ ರೇಡಿಯೋ ಉಳೀಬೇಕಂದ್ರ ನಿಲ್ಲಸ್ರಿ."

ಒಂದೂ ನಿಲ್ಲಲಿಲ್ಲ. ಹನ್ನೊಂದು ವರ್ಷ ಗೋಡೆಯ ಜೊತೆ ಮಾತಾಡಿದೆನೇ ಎಂದು ಅಳು ಬಂತು. ಶ್ರೀಶೈಲರು ಕೈ ಚಾಚಿದರು.

"ಕೀಲಿ ಕೊಡ್ರಿ."

"ಇನ್ನೊಮ್ಮೆ ಹೇಳತಾಳ. ತಡೀರಿ ಸರ್."

ಸುಮಾ ಎರಡನೆಯ ಸಲ ಹೇಳಿದಳು. ತುದಿಮನೆಯ ಮಗ್ಗ ನಿಂತಿತು. ಪಕ್ಕದ್ದು ನಿಂತಿತು. ಎದುರಿನ ಮೂರು ನಿಂತವು. ಕಡೆಗೆ ಓಣಿಗೆ ಓಣಿಯೇ ತಣ್ಣಗಾಗಿ, ಯಾರದೋ ಮನೆಯ ಕುಕ್ಕರಿನ ಸೀಟಿ ಕೇಳಿಸಿತು.

"ನಿಂತಾವ ಸುಮಾ" ಎಂದೆ ಫೋನಿನಲ್ಲಿ. ಅವಳು ಬಿಕ್ಕತೊಡಗಿದಳು. ಒಂದು ನಿಮಿಷ ಮುಗಿಯಿತು, ಎರಡಾಯಿತು. ಇನ್ನು ನೇಯಿರಿ ಎಂದು ಹೇಳುವುದನ್ನೇ ಮರೆತಿದ್ದಳು ಪುಣ್ಯಾತ್ಗಿತ್ತಿ.

ಶ್ರೀಶೈಲರಿಗೆ ಕಸಿವಿಸಿಯಾಯಿತು. ಹತ್ತಿರದ ಬಾಗಿಲಲ್ಲಿ ಬಗ್ಗಿ, ಮಗ್ಗದ ಮುಂದೆ ಕೈಕಟ್ಟಿ ಕೂತಿದ್ದ ಮುದುಕಿಗೆ ಹೇಳಿದರು: "ಸಾಕಬೇ ಯವ್ವಾ, ಇನ್ನ ನೇಯಿ. ವಿಶ್ವವಿದ್ಯಾಲಯದ ಕುಲಸಚಿವ ಅದೇನಿ, ನಾನ ಹೇಳಾಕತ್ತೇನಿ."

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನೀವ ಹೇಳಿದ್ರ ಹೆಂಗ್ರಿ ಸಾಹೇಬ್ರ? ರೇಡಿಯೋದಾಗ ಹೇಳಲಿ."